ಬನ್ನಿಮಾಳದಲ್ಲಿ ಯಾರೂ ಇಲ್ಲ ಎಂದು ನಾನು ಬರೆದಿದ್ದೆ

ನಾನು ಕೆಲಸ ಮಾಡಿ ನಿವೃತ್ತಳಾದ ಕಚೇರಿಗೆ ಈ ವರ್ಷ ಇಬ್ಬರು ಹೊಸಬರು ಸೇರಿದ್ದಾರೆ. ಹಿಂದೆ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಬರೆದುಕೊಡಿ ಎಂದು ಕೇಳಿದರು. ಒಪ್ಪಿಕೊಂಡೆ. ಬರೆಯಲು ಕುಳಿತಾಗ ಮೊದಲು ಮಾಡಿದ ಕೆಲಸ ಕಪಾಟಿನ ಮೇಲಿನಿಂದ ದಿನಚರಿಗಳನ್ನು ಇಳಿಸಿದ್ದು. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಕೆಲಸಕ್ಕೆ ಸೇರಿದ ದಿನ ಜೋರು ಮಳೆ ಬಂದು, ಒದ್ದೆ ಸೀರೆಯಲ್ಲೇ ಮೆಟ್ಟಿಲು ಹತ್ತಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಬಿಸಿಲು. ವಳಸಂಗದಿಂದ ಬಸ್ಸಿನಲ್ಲಿ ನಿಂತೇ ಬಂದೆ.’ ಮಳೆ ಎಲ್ಲಿಂದ ಬಂತೋ ಗೊತ್ತಿಲ್ಲ. ಆದ್ದರಿಂದ ಮುಂದೆ ಹೇಳುವುದರಲ್ಲಿ ದಿನಚರಿಯಲ್ಲಿ ಇಲ್ಲದ್ದು ಬಂದರೆ ಇಲ್ಲ ಎಂದೇ ಹೇಳುತ್ತೇನೆ. ಆಡಿದ ಮಾತುಗಳನ್ನು ಮಾತ್ರ ಅಂದಂದೇ ಬರೆದಿಟ್ಟುಕೊಳ್ಳುವ ಚಟ ನನಗಿತ್ತು. ಅವು ಬಹುಪಾಲು ಸರಿಯಿರಬೇಕು.

ನಮ್ಮದು ಸೋಲಾಪುರ ಜಿಲ್ಲೆಯ ಮಾಹಿತಿಕೋಶ. ಊರು, ಕೆರೆ, ಗುಡಿ, ಕಸುಬು, ಬೆಳೆ ಎಲ್ಲದರ ಮೇಲೂ ಅಕಾರಾದಿಯಾಗಿ ಚಿಕ್ಕ ಚಿಕ್ಕ ಲೇಖನಗಳು. ಮರಾಠಿಯಲ್ಲಿ ಒಂದು ಆವೃತ್ತಿ, ಕನ್ನಡದಲ್ಲಿ ಒಂದು. ಕನ್ನಡದ್ದು ನನ್ನ ಪಾಲು. ಬಟ್ಟೆ ವ್ಯಾಪಾರದ ಒಂದು ಮನೆತನ ಹಾಕಿಕೊಟ್ಟ ಟ್ರಸ್ಟು, ಅವರದೇ ಹಳೆಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಚೇರಿ. ಕೆಳಗೆ ಚಾದರಗಳ ಥಾನು ಎತ್ತಿಹಾಕುವ ಸದ್ದು, ಮೇಲೆ ನಾವು. ಗೋಡೆಗೆ ಹತ್ತಿ ನಿಂತ ಖಾನೆಗಳ ತುಂಬ ಅಂಗೈಯಗಲದ ಕಾರ್ಡುಗಳು. ಲೇಖನದ ಒಂದೊಂದು ವಾಕ್ಯಕ್ಕೂ ಒಂದು ಕಾರ್ಡು. ಕಾರ್ಡಿನ ಮೂಲೆಯಲ್ಲಿ ಆಧಾರ ಪುಸ್ತಕದ ಹೆಸರು, ಪುಟ. ಪುಟ ಇಲ್ಲದ ಕಾರ್ಡು ಕಸದ ಬುಟ್ಟಿಗೆ.

ಬುಟ್ಟಿಗೆ ಹಾಕುತ್ತಿದ್ದವರು ಪ್ರಧಾನ ಸಂಪಾದಕರು. ಎಲ್ಲರೂ ಅವರನ್ನು ತಾತ್ಯಾ ಎನ್ನುತ್ತಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ಬಂದವರು, ತೆಳ್ಳಗೆ, ಯಾವಾಗಲೂ ಕಿವಿಯ ಹಿಂದೆ ಒಂದು ಕೆಂಪು ಪೆನ್ಸಿಲ್. ಮನೆಮಾತು ಮರಾಠಿ, ಬೀದಿಮಾತು ಕನ್ನಡ. ಅವರದು ಒಂದೇ ನಿಯಮ. ಛಾಪಾ ಆಗಿದ್ದರೆ, ಅಂದರೆ ಎಲ್ಲಾದರೂ ಅಚ್ಚಾಗಿದ್ದರೆ, ಬರೆಯಬಹುದು, ಆಗಿರದಿದ್ದರೆ ಇಲ್ಲ. ನಮ್ಮ ಅನುಭವ, ನಮ್ಮ ಊಹೆ, ನಮ್ಮ ಸೋದರಮಾವ ಹೇಳಿದ್ದು, ಯಾವುದೂ ನಡೆಯದು.

ಸೇರಿದ ಹೊಸದರಲ್ಲೇ ನಾನು ಆ ನಿಯಮಕ್ಕೆ ಡಿಕ್ಕಿ ಹೊಡೆದೆ. ದಕ್ಷಿಣ ಸೋಲಾಪುರದ ಒಂದು ಹಳ್ಳಿಯ ಬಾವಿಗೆ ನೂರಾ ಒಂದು ಮೆಟ್ಟಿಲು ಎಂದು ಒಂದು ಪುಸ್ತಕದಲ್ಲಿತ್ತು. ಕಂದಲಗಾಂವಕ್ಕೆ ನೆಂಟರ ಮದುವೆಗೆಂದು ಹೋದವಳು, ಊಟದ ನಂತರ ಆ ಹಳ್ಳಿಗೂ ಹೋಗಿ ಬಾವಿ ಇಳಿದೆ. ಐವತ್ತೆಂಟು. ಹತ್ತುವಾಗ ಮತ್ತೆ ಎಣಿಸಿದೆ. ಐವತ್ತೆಂಟೇ. ಮರುದಿನ ತಾತ್ಯಾರ ಎದುರು ಗೆದ್ದವಳಂತೆ ನಿಂತೆ.

“ಸುಮಂಗಲಾಬಾಯಿ, ನಿಮ್ಮ ಕಾಲು ಯಾವ ಪ್ರೆಸ್ಸಿನ್ಯಾಗ ಛಾಪಾ ಆಗ್ಯಾವ್ರಿ?”

“ಸರ, ಆದ್ರ ನೂರಾ ಒಂದು ಸುಳ್ಳದರಿ.”

“ಸುಳ್ಳದ ಅಂತ ನಿಮಗ ಗೊತ್ತಾತಲ್ಲ, ಅದನ್ನ ಬರೀಬ್ಯಾಡ್ರಿ.”

“ಐವತ್ತೆಂಟು ಅಂತ ಬರೀಲೇನ್ರಿ?”

“ಅದನ್ನೂ ಬರೀಬ್ಯಾಡ್ರಿ. ಬಾವಿಗೆ ಮೆಟ್ಲ ಅದಾವ ಅಂತ ಬರದ ಬಿಡ್ರಿ. ಮುಂದ ಯಾರರ ಎಣಿಸಿ ಛಾಪಿಸ್ತಾರ, ಆವಾಗ ತುಂಬೂಣು. ಕೋಶದಾಗ ಜಾಗಾ ಖಾಲಿ ಇದ್ರ ಯಾರೂ ಸಾಯೂದಿಲ್ಲ.”

ನನಗೆ ಸಿಟ್ಟು ಬಂದಿತ್ತು. ಗೊತ್ತಿರುವ ನಿಜವನ್ನು ಬಿಡುವುದು ಎಂಥ ನ್ಯಾಯ ಎಂದು ದಿನಚರಿಯಲ್ಲಿ ಅರ್ಧ ಪುಟ ಕಾರಿದ್ದೇನೆ. ಅವರು ಹೇಳಿದ್ದರಲ್ಲಿ ಎರಡು ಮಾತುಗಳಿದ್ದವು. ಗೊತ್ತಿದ್ದದ್ದನ್ನೆಲ್ಲ ಬರೆಯುವ ಹಕ್ಕು ನಮಗಿಲ್ಲ ಎಂಬುದು ಒಂದು. ಛಾಪಾ ಆದದ್ದನ್ನೆಲ್ಲ ಬರೆಯಲೇಬೇಕೆಂಬ ಒತ್ತಾಯವೂ ಇಲ್ಲ ಎಂಬುದು ಇನ್ನೊಂದು. ನಾನು ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡೆ.

ಎರಡನೆಯದನ್ನು ತಾತ್ಯಾ ಎಷ್ಟು ಸಲೀಸಾಗಿ ಬಳಸುತ್ತಿದ್ದರು ಎಂಬುದಕ್ಕೆ ಒಂದು ಪ್ರಸಂಗ. ಮಗ್ಗದ ಲೇಖನ ನಡೆಯುತ್ತಿದ್ದಾಗ ಒಬ್ಬ ವ್ಯಾಪಾರಿ ಪೇಢೆಯ ಡಬ್ಬಿ ಹಿಡಿದು ಬಂದರು. ಅವರ ಮನೆತನದ ಸ್ಮರಣಿಕೆ ಪುಸ್ತಕದ ಪ್ರಕಾರ, ಅವರ ಪೇಟೆಗೆ ವಿದ್ಯುತ್ ಮಗ್ಗ ಮೊದಲು ತಂದವರು ಅವರ ಅಜ್ಜ.

“ಛಾಪಾ ಆಗೇದ ನೋಡ್ರಿ ತಾತ್ಯಾ. ನಿಮ್ಮ ನಿಯಮ ಅದಽ ಅಲ್ಲೇನ್ರಿ?”

ತಾತ್ಯಾ ಕಪಾಟಿನಿಂದ ಇನ್ನೆರಡು ಮನೆತನದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮೂರರಲ್ಲೂ ಮೂರು ಅಜ್ಜಂದಿರು, ಮೂವರೂ ಮೊದಲಿಗರು.

“ಮೂರೂ ಮಂದಿ ಅಜ್ಜಾರು ಒಂದಽ ಗಾಡ್ಯಾಗ ಮಗ್ಗ ಹೇರಿಕೊಂಡು ಬಂದ್ರೇನ್ರಿ ಶೇಟಜಿ?”

ಶೇಟಜಿ ನಕ್ಕುಬಿಟ್ಟರು. ಪೇಢೆ ಎಲ್ಲರೂ ತಿಂದೆವು. ಲೇಖನದಲ್ಲಿ ‘ಮೊದಲು’ ಎಂಬ ಪದ ಬರಲಿಲ್ಲ. ಮೂರು ಮನೆತನಗಳ ಪುಸ್ತಕಗಳೂ ಹಾಗೆ ಹೇಳಿಕೊಳ್ಳುತ್ತವೆ ಎಂದು ಬರೆದೆವು. ಅಂದಿನಿಂದ ‘ಮೊದಲ’, ‘ಏಕೈಕ’, ‘ಅತಿ ಹಳೆಯ’ ಎಂಬ ಪದ ಕಂಡರೆ ನನಗೆ ಪೇಢೆಯ ವಾಸನೆ ಬರುತ್ತದೆ.

ಇಷ್ಟೆಲ್ಲ ಕಣ್ಣಾರೆ ನೋಡಿಯೂ ನಾನು ಮಾಡಿದ ತಪ್ಪನ್ನು ಈಗ ಹೇಳಬೇಕು.

ಅಕ್ಕಲಕೋಟ ತಾಲೂಕಿನಲ್ಲಿ, ನಾಗಣಸೂರದ ಆಚೆ, ಕರ್ನಾಟಕದ ಗಡಿಯ ಹತ್ತಿರ ಒಂದು ಕುರುಬರ ವಸ್ತಿ, ಊರಿನಿಂದ ದೂರದ ಸಣ್ಣ ಹಟ್ಟಿ. ಅದರ ಹೆಸರು ಬದಲಿಸಿ ಬನ್ನಿಮಾಳ ಎನ್ನುತ್ತೇನೆ. ಮೂರು ಪುಸ್ತಕಗಳು ಅದನ್ನು ‘ಬೇಚಿರಾಗ’ ಎಂದಿದ್ದವು. ಕಂದಾಯದವರ ಹಳೆಯ ಮಾತು. ದೀಪ ಹಚ್ಚುವವರು ಉಳಿದಿಲ್ಲದ ಊರು ಎಂದು ಅರ್ಥ. ಮೂರು ಆಧಾರ ಎಂದರೆ ನಮ್ಮ ಕಚೇರಿಯಲ್ಲಿ ಬಂಗಾರ. ನಾನು ಬರೆದೆ: ‘ಬನ್ನಿಮಾಳ: ನಾಗಣಸೂರದ ಉತ್ತರಕ್ಕಿರುವ ವಸ್ತಿ. ಈಗ ಜನವಸತಿ ಇಲ್ಲ.’

ಆ ‘ಈಗ’ ಯಾವ ಪುಸ್ತಕದಲ್ಲೂ ಇರಲಿಲ್ಲ. ಹಳೆಯ ಮಾತನ್ನು ಇಂದಿನದು ಮಾಡಲು ನಾನೇ ಸೇರಿಸಿದೆ. ವಾಕ್ಯ ಚೆನ್ನಾಗಿ ಕೇಳಿಸುತ್ತದೆ ಎಂದು.

ಆ ದಿನದ ದಿನಚರಿ: ‘ಒಂಬತ್ತು ನಮೂದು ಮುಗಿದವು. ಬನ್ನಿಮಾಳ, ಮೂರು ಆಧಾರ. ಅಪ್ಪನ ಜೊತೆ ಹೋಗಿ ಮಜ್ಜಿಗೆ ಕುಡಿದದ್ದು ಅದೇ ಊರೋ? ಇರಲಿಕ್ಕಿಲ್ಲ.’ ನಮ್ಮಪ್ಪನದು ವಳಸಂಗದಲ್ಲಿ ಕಿರಾಣಿ ಅಂಗಡಿ. ವರ್ಷಕ್ಕೊಮ್ಮೆ ಕಂಬಳಿ ಕೊಳ್ಳಲು ಕುರುಬರ ವಸ್ತಿಗಳಿಗೆ ಹೋಗುತ್ತಿದ್ದ. ನನಗಾಗ ಎಂಟೋ ಒಂಬತ್ತೋ. ಒಂದು ಅಂಗಳ, ಬೇವಿನ ಮರ, ಹಿತ್ತಾಳೆಯ ಗಿಂಡಿ, ‘ಬನ್ನಿಮಾಳ’ ಎಂಬ ಶಬ್ದ, ಇವಿಷ್ಟು ನೆನಪಿದ್ದವು. ಮಗುವಿನ ನೆನಪು ಒಂದು ಕಡೆ, ಮೂರು ಪುಸ್ತಕ ಒಂದು ಕಡೆ. ನೆನಪನ್ನು ನಂಬಬಾರದು ಎಂದು ಹೆಮ್ಮೆಪಡುವ ನನಗೆ ಆಯ್ಕೆ ಸುಲಭವಾಗಿ ಕಂಡಿತು.

ಅಷ್ಟೇ ಆಗಿದ್ದರೆ ಅಜ್ಞಾನ ಎನ್ನಬಹುದಿತ್ತು. ಆದರೆ ಮೂರು ವಾರದ ನಂತರದ ಪುಟ ಹೀಗಿದೆ: ‘ಅಕ್ಕಲಕೋಟ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ, ಹೆಗಲ ಮೇಲೆ ಹಿಟ್ಟಿನ ಚೀಲ, ಬನ್ನಿಮಾಳದ ಕಡೆ ಹೋಗುವ ಜೀಪು ಯಾವುದು ಎಂದು ಕೇಳುತ್ತಿದ್ದ. ಕರಡಚ್ಚು ನಾಳೆ ಪ್ರೆಸ್ಸಿಗೆ.’ ಯಾರೂ ಇಲ್ಲದ ಊರಿಗೆ ಯಾರು ಹಿಟ್ಟು ಒಯ್ಯುತ್ತಾರೆ? ಮುದುಕನನ್ನು ಮಾತಾಡಿಸಲು ನಾಲ್ಕು ಹೆಜ್ಜೆ ಸಾಕಿತ್ತು. ನನ್ನ ಬಸ್ಸು ಬಂತು, ಹತ್ತಿದೆ. ಮರುದಿನ ಕರಡಚ್ಚು ಪ್ರೆಸ್ಸಿಗೆ ಹೋಯಿತು, ‘ಈಗ’ ಸಮೇತ.

ಪುಸ್ತಕ ಬಂದು ಒಂದೂವರೆ ವರ್ಷವಾಗಿರಬೇಕು. ಒಂದು ಮುಂಜಾನೆ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಐವತ್ತು ದಾಟಿತ್ತು, ಹಣೆ ತುಂಬ ಭಂಡಾರದ ಅರಿಶಿನ.

“ಊರೂರಿನ ಪುಸ್ತಕ ಬರಿಯೋರು ಇಲ್ಲೇನ್ರಿ?”

“ಹೌದ್ರಿ. ಬರ್ರಿ, ಕುಂದ್ರಿ.”

“ಕುಂದ್ರೂದು ಹೆಂಗ್ರಿ ಬಾಯಾರ? ನಾ ಇಲ್ಲಂತ ನೀವಽ ಬರದೀರಿ. ಇಲ್ಲದಾಕಿ ಕುರ್ಚಿ ಮ್ಯಾಲ ಹೆಂಗ ಕುಂದ್ರಬೇಕು?”

ಹೆಸರು ಮಾಳವ್ವ. ಬನ್ನಿಮಾಳದವಳು. ಸೆರಗಿನ ಗಂಟಿನಿಂದ ಎರಡು ಕಾಗದ ತೆಗೆದಳು. ಒಂದು, ವಸ್ತಿಗೆ ಪ್ರಾಥಮಿಕ ಶಾಲೆ ಬೇಕೆಂದು ಅವಳೂ ಉಳಿದವರೂ ಹೆಬ್ಬೆಟ್ಟೊತ್ತಿ ಕೊಟ್ಟ ಅರ್ಜಿ. ಇನ್ನೊಂದು, ಅರ್ಜಿಯ ಜೊತೆ ವಾಪಸು ಬಂದ ನಮ್ಮ ಕೋಶದ ಪುಟದ ಜೆರಾಕ್ಸು. ನನ್ನ ವಾಕ್ಯದ ಕೆಳಗೆ ಯಾರೋ ನೀಟಾಗಿ ಗೆರೆ ಎಳೆದಿದ್ದರು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಅಲ್ಲಿನವರು ಪುಸ್ತಕ ನಂಬಿದರು. ನಂಬಲಿ ಎಂದೇ ನಾವು ಬರೆಯುವುದು.

“ಹನ್ನೊಂದು ಹುಡುಗ್ರು ಅದಾವ್ರಿ. ಸುಗ್ಗಿ ಮುಗದ ಮ್ಯಾಲ ನಾವು ಕುರಿ ಹೊಡಕೊಂಡು ಭೀಮಾ ದಂಡಿ ಕಡೆ ಹೊಕ್ಕೀವಿ. ಹುಡುಗ್ರೂ ನಮ್ಮ ಹಿಂದಽ ಬರ್ತಾವ. ನಾಗಣಸೂರ ಸಾಲ್ಯಾಗ ಹೆಸರು ಅದ, ಹುಡುಗ್ರು ಇಲ್ಲ. ವಸ್ತಿ ಮ್ಯಾಲ ಸಾಲಿ ಆದ್ರ ಮುದಕ್ರು ನಾವು ಹುಡುಗ್ರನ್ನ ಹಿಡಕೊಂಡು ಮನ್ಯಾಗ ಇರ್ತೀವಿ. ನನ್ನ ಮಮ್ಮಗಳು ಏಳು ವರ್ಷದಾಕಿ. ಅಕಿಗಿ ಕುರಿ ಎಣಿಸಾಕ ಬರ್ತದ, ಹೆಸರು ಬರಿಲಾಕ ಬರೂದಿಲ್ಲ.”

ಗದ್ದಲ ಕೇಳಿ ತಾತ್ಯಾ ಹೊರಗೆ ಬಂದರು. ಪುಟ ನೋಡಿದರು. ಅಭ್ಯಾಸಬಲದಿಂದಲೇ ಅಂದರು: “ಆಜಿ, ಮೂರು ಪುಸ್ತಕದ ಪುರಾವಾ ಅದರಿ ಇದಕ್ಕ.”

“ಮೂರು ಮಂದಿ ಕೂಡಿ ಅಂದ್ರ ನಾ ಇಲ್ಲದಂಗ ಆಗ್ತೀನೇನ್ರಿ ಅಜ್ಜಾರ?”

ತಾತ್ಯಾ ಮರಾಠಿಯಲ್ಲಿ ಆಜಿ, ಅಜ್ಜಿ, ಎಂದದ್ದಕ್ಕೆ ಅವಳು ಕೊಟ್ಟ ‘ಅಜ್ಜಾರ’ ಅವರಿಗೆ ನಾಟಿತು. ಇಬ್ಬರಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಅವರೇ ಹೋಗಿ ಕುರ್ಚಿ ತಂದಿಟ್ಟರು. ಮಾಳವ್ವ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

“ನಮ್ಮೂರಿಗಿ ಬಂದು ನಿಮ್ಮ ಕಣ್ಣಿಲೆ ನೋಡ್ರಿ,” ಎಂದಳು ನನಗೆ.

“ನಾ ನೋಡಿದ್ದು ಪುಸ್ತಕಕ್ಕ ನಡೆಯೂದಿಲ್ಲ ಮಾಳವ್ವ. ಛಾಪಾ ಆಗಿದ್ದು ಬೇಕು.”

“ಹಂಗಾರ ಏನು ಛಾಪಾ ಆಗಿರಬೇಕು ಹೇಳ್ರಿ. ಹುಡುಕಿ ತರ್ತೀನಿ. ನಿಮ್ಮಂಗ ಕುಂತಲ್ಲೇ ಬರಿಯಾಕ ಬರೂದಿಲ್ಲ ನಮಗ, ಅಡ್ಯಾಡಾಕ ಬರ್ತದ.”

ಊರಿನ ಹೆಸರು ಅಚ್ಚಾದ ಯಾವ ಕಾಗದ ಸಿಕ್ಕರೂ ತರಲು ಹೇಳಿದೆ. ಅವಳು ಹೋದ ಮೇಲೆ ನಾನು ಮನೆಯಿಂದ ದಿನಚರಿ ತಂದು ತಾತ್ಯಾರಿಗೆ ಆ ಎರಡು ಪುಟ ತೋರಿಸಿದೆ. ಯಾಕೆ ತೋರಿಸಿದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಪ್ರಾಮಾಣಿಕತೆಯೋ, ಒಬ್ಬಳೇ ಹೊರಲಾರದ ಭಾರವೋ. ಅವರು ಕನ್ನಡಕ ಏರಿಸಿ ಓದಿದರು.

“ಗೊತ್ತಿತ್ತೋ? ಅನುಮಾನ ಇತ್ತೋ?”

“ಅನುಮಾನ ಇತ್ತರಿ. ಕೇಳೂ ಮನಸ್ಸು ಇರ್ಲಿಲ್ಲ.”

ಬೈಯುತ್ತಾರೆ ಅಂದುಕೊಂಡೆ. “ನಿಯಮ ಮಾಡಿದಾಂವ ನಾ. ನೀವು ಅದರ ಹಿಂದ ಅಡಗಿ ಕುಂತ್ರಿ. ಇಬ್ಬರದೂ ತಪ್ಪು,” ಅಂದು ಕೆಂಪು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. “ನಾಡಿದ್ದು ಅಕ್ಕಲಕೋಟಕ್ಕ ಹೋಗೂಣು.”

ಅಕ್ಕಲಕೋಟದ ತನಕ ಬಸ್ಸು, ಅಲ್ಲಿಂದ ಜೀಪು, ಕೊನೆಗೆ ಜೋಳದ ಕೂಳೆಯ ಹೊಲಗಳ ನಡುವೆ ನಡಿಗೆ. ಬನ್ನಿಮಾಳದಲ್ಲಿ ಹದಿನಾರು ಮನೆಗಳಿದ್ದವು; ಇದು ದಿನಚರಿಯಲ್ಲಿದೆ. ಸುಗ್ಗಿ ಮುಗಿದಿತ್ತು, ಅರ್ಧ ವಸ್ತಿ ಹೊರಟುಹೋಗಿತ್ತು. ಹೋದವರ ಬಾಗಿಲಿಗೆಲ್ಲ ಜಾಲಿಯ ಮುಳ್ಳುಕಂಟಿ ಅಡ್ಡ ಹಚ್ಚಿತ್ತು. ಅಂಗಳದಲ್ಲಿ ಧೂಳು, ಒಲೆ ತಣ್ಣಗೆ. ಆ ಬಾಗಿಲುಗಳನ್ನಷ್ಟೇ ನೋಡಿದ ಯಾರಿಗಾದರೂ ಪಾಳು ಬಿದ್ದ ಊರು ಅನಿಸಬೇಕು. ನನಗೇ ಅನಿಸಿತು.

ಮಾಳವ್ವ ಒಂದು ಮುಳ್ಳಿನ ತುದಿ ಮುಟ್ಟಿ ತೋರಿಸಿದಳು. ಬಿಳಿ ಉಣ್ಣೆಯ ಎಳೆಯೊಂದನ್ನು ಸುತ್ತಿ ಕಟ್ಟಿದ್ದರು.

“ಇದು ಕಟ್ಟಿದ್ರ ಮನಿಯವರು ಬರ್ತಾರಂತ. ಮಿರಗದ ಮಳಿಗಿ ಬಂದು ತಾವಽ ಬಿಚ್ಚಬೇಕು. ಬ್ಯಾರೇದವರು ಮುಟ್ಟಂಗಿಲ್ಲ, ಬಿರೋಬಾನ ಆಣಿ.” ಬಿರೋಬಾ ಕುರುಬರ ದೇವರು; ಮಿರಗ ಎಂದರೆ ಮೃಗಶಿರಾ, ಮುಂಗಾರಿನ ಮೊದಲ ಮಳೆ.

“ಕಾಯಮ್ ಬಿಟ್ಟು ಹೋದ್ರ?” ತಾತ್ಯಾ ಕೇಳಿದರು.

“ಬಿಟ್ಟು ಹೋಗಾವ್ರು ಮುಳ್ಳು ಯಾಕ ಹಚ್ಚತಾರ್ರಿ ಅಜ್ಜಾರ? ಚೌಕಟ್ಟಽ ಕಿತ್ತು ಗಾಡ್ಯಾಗ ಹಾಕ್ಕೊಂಡು ಹೊಕ್ಕಾರ. ಬಾಗಲಾ ಇಲ್ಲದ ಮನಿ ಖಾಲಿ. ಮುಳ್ಳಿದ್ದ ಮನಿ ತುಂಬೇದ.”

ತಾತ್ಯಾ ಹದಿನಾರೂ ಬಾಗಿಲು ನೋಡಿ ಬಂದರು. ಎಲ್ಲಕ್ಕೂ ಚೌಕಟ್ಟಿತ್ತು.

ನಾನು ಬೇರೆ ಏನನ್ನೋ ಹುಡುಕುತ್ತಿದ್ದೆ. ಆ ಅಂಗಳ, ಆ ಬೇವಿನ ಮರ. ಇಡೀ ವಸ್ತಿಯಲ್ಲಿ ಬೇವು ಇರಲಿಲ್ಲ. ಎಂದೂ ಇರಲಿಲ್ಲ ಎಂದಳು ಮಾಳವ್ವ. ಕಂಬಳಿ ಕೊಳ್ಳಲು ವಳಸಂಗದ ಅಂಗಡಿಯವರು ಬಂದದ್ದು ಅವಳಿಗೆ ನೆನಪಿಲ್ಲ. ಹಾಗಾದರೆ ನಾನು ಮಜ್ಜಿಗೆ ಕುಡಿದದ್ದು ಬೇರೆ ಊರಿನಲ್ಲಿರಬಹುದು. ನನ್ನ ನೆನಪೂ ತಪ್ಪು, ಮೂರು ಪುಸ್ತಕಗಳೂ ತಪ್ಪು. ಹೊಸಬರಿಗೆ ಇದನ್ನು ಒತ್ತಿ ಹೇಳಬೇಕು. ನೆನಪು ಆಧಾರವಲ್ಲ. ಆದರೆ ಅದು ತಲೆಯೊಳಗೆ ಕೆಮ್ಮಿದಾಗ ಪೆನ್ನು ಕೆಳಗಿಟ್ಟು ಯಾಕೆ ಎಂದು ಕೇಳಬೇಕು. ಉತ್ತರ ಗೊತ್ತಿರಬೇಕಿಲ್ಲ, ನಿಂತರೆ ಸಾಕು. ನಾನು ನಿಲ್ಲಲಿಲ್ಲ.

ವಾಪಸು ಬಂದವಳೇ ಮೂರು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಮೊದಲೇ ಮಾಡಬೇಕಿದ್ದ ಕೆಲಸ. ಮೂರೂ ಬನ್ನಿಮಾಳವನ್ನು ನಾಗಣಸೂರದ ಉತ್ತರಕ್ಕಿಟ್ಟಿದ್ದವು. ನಾವು ನಡೆದದ್ದು ದಕ್ಷಿಣಕ್ಕೆ. ಅದೇ ತಪ್ಪು, ಅದೇ ಪದಗಳ ಕ್ರಮ. ಮೊದಲನೆಯದನ್ನು ನೋಡಿ ಎರಡನೆಯವರು ಬರೆದರು, ಅವರನ್ನು ನೋಡಿ ಮೂರನೆಯವರು, ಮೂವರನ್ನೂ ನೋಡಿ ನಾನು. ಆಧಾರ ಮೂರಿರಲಿಲ್ಲ, ಒಂದೇ ಇತ್ತು. ಆ ಮೊದಲ ಪುಸ್ತಕದ ಮುನ್ನುಡಿ ಓದಿದೆ. ಮುನ್ನುಡಿ ನಾವು ಯಾರೂ ಓದುತ್ತಿರಲಿಲ್ಲ. ಲೇಖಕರು ಈ ಭಾಗದಲ್ಲಿ ತಿರುಗಾಡಿದ್ದು ಸಂಕ್ರಾಂತಿಯಿಂದ ಹೋಳಿಯ ತನಕ ಎಂದಿತ್ತು. ವಸ್ತಿಗೆ ವಸ್ತಿಯೇ ಭೀಮೆಯ ದಂಡೆಯಲ್ಲಿರುವ ದಿನಗಳು. ಅವರು ಮುಳ್ಳು ನೋಡಿದ್ದರು, ಉಣ್ಣೆ ನೋಡಿರಲಿಲ್ಲ.

ಮಾಳವ್ವ ಹೇಳಿದಂತೆ ಅಡ್ಡಾಡಿದ್ದಳು. ಎಂಟು ದಿನಕ್ಕೆ ಮತ್ತೆ ಬಂದಳು, ಬಟ್ಟೆಯಲ್ಲಿ ಸುತ್ತಿದ ಒಂದು ತೆಳ್ಳನೆಯ ಪುಸ್ತಕ ಹಿಡಿದು. ಕಂಬಳಿ ನೇಯುವವರ ಸಹಕಾರಿ ಸಂಘದ ಅಚ್ಚಾದ ವರದಿ. ಸದಸ್ಯರ ಪಟ್ಟಿಯಲ್ಲಿ ಬನ್ನಿಮಾಳದ ಆರು ಹೆಸರು. ಅಷ್ಟರಲ್ಲಿ ನಾನು ಮತದಾರರ ಯಾದಿ ತಂದಿದ್ದೆ. ಅದರಲ್ಲಿ ಬನ್ನಿಮಾಳ ವಸ್ತಿ ಎಂದೇ ಒಂದು ಭಾಗ, ಮನೆ ಸಂಖ್ಯೆ ಸಮೇತ. ಯಾದಿ ಪ್ರಕಟಿತ ಆಧಾರವೇ ಎಂಬುದರ ಮೇಲೆ ತಾತ್ಯಾ ಅರ್ಧ ದಿನ ತೆಗೆದುಕೊಂಡರು. ಕೊನೆಗೆ, “ಗ್ವಾಡಿಗಿ ಹಚ್ಚಿ ಯಾರದರ ತಕರಾರು ಅದ ಏನು ಅಂತ ಕೇಳ್ತಾರಲ್ಲ, ಅದಕ್ಕಿಂತ ಜಾಸ್ತಿ ಪ್ರಕಟ ಯಾವುದು?” ಎಂದು ಒಪ್ಪಿದರು.

ಹೊಸ ನಮೂದು ನಾನು ಬರೆದೆ. ಬಹಳ ಚೆನ್ನಾಗಿ ಬರೆದೆ ಅಂದುಕೊಂಡೆ. ಮುಳ್ಳು, ಉಣ್ಣೆಯ ಎಳೆ, ಚೌಕಟ್ಟು, ಹಳೆಯ ಲೇಖಕರು ತಪ್ಪಿದ್ದು ಹೇಗೆ, ಎಲ್ಲವೂ ಇತ್ತು. ತಾತ್ಯಾ ಕೆಂಪು ಪೆನ್ಸಿಲ್ ತೆಗೆದು ಕೆಳಗಿನ ಹತ್ತು ಸಾಲು ಹೊಡೆದುಹಾಕಿದರು.

“ಸರ, ಇದು ಖರೇ ಅದರಿ. ನೀವಽ ನೋಡೀರಿ!”

“ಖರೇನಽ ಅದ. ಪಾನ ಎಷ್ಟು?”

ಪುಟ ಇರಲಿಲ್ಲ. ಲೇಖಕರು ಮುಳ್ಳು ನೋಡಿ ಮೋಸಹೋದರು ಎಂಬುದು ನನ್ನ ಊಹೆ, ಎಷ್ಟೇ ಹೊಂದಿದರೂ ಊಹೆ. ಒಂದು ಆಧಾರವಿಲ್ಲದ ಮಾತನ್ನು ಕಿತ್ತು ಆ ಜಾಗಕ್ಕೆ ಇನ್ನೊಂದನ್ನು ನೆಡಲು ಹೊರಟಿದ್ದೆ, ಈ ಸಲ ಚಂದದ್ದು ಎಂಬ ಕಾರಣಕ್ಕೆ. ಉಳಿದದ್ದು ಇಷ್ಟು: ‘ಬನ್ನಿಮಾಳ: ಅಕ್ಕಲಕೋಟ ತಾಲೂಕಿನ ವಸ್ತಿ. ಮತದಾರರ ಯಾದಿಯಲ್ಲಿ ಇಲ್ಲಿನ ಮನೆಗಳು ದಾಖಲಾಗಿವೆ. ಕಂಬಳಿ ನೇಯುವವರ ಸಹಕಾರಿ ಸಂಘಕ್ಕೆ ಇಲ್ಲಿನ ಸದಸ್ಯರಿದ್ದಾರೆ.’ ಸುಳ್ಳು ಹೋಯಿತು. ದಿಕ್ಕನ್ನೂ ಬಿಟ್ಟೆವು.

ಮಾಳವ್ವನಿಗೆ ಓದಿ ಹೇಳಿದೆ.

“ಇಷ್ಟಽ ಏನ್ರಿ? ಬಿರೋಬಾನ ಹೆಸರಿಲ್ಲ, ಮುಳ್ಳಿನ ಮಾತಿಲ್ಲ.”

“ಅದು ಎಲ್ಲೂ ಛಾಪಾ ಆಗಿಲ್ಲಲ್ಲ.”

“ಇರಲಿ ಬಿಡ್ರಿ. ಇಲ್ಲ ಅನ್ನೂದಕ್ಕಿಂತ ಇಷ್ಟು ಅದ ಅನ್ನೂದು ಪಾಡ.”

ತಾತ್ಯಾ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಆವೃತ್ತಿಗೆ ವರ್ಷಗಳಿದ್ದವು. ಅಚ್ಚಿನ ತಪ್ಪಿಗೆ ಬಿಟ್ಟರೆ ಮಾಹಿತಿಯ ತಪ್ಪಿಗೆ ತಿದ್ದೋಲೆ ಹೊರಡಿಸಿದವರಲ್ಲ ಅವರು. ಈ ಸಲ ಹೊರಡಿಸಿದರು. ಬೆರಳುದ್ದದ ಚೀಟಿ, ಎರಡು ಭಾಷೆಯಲ್ಲಿ. ಹಳೆಯ ವಾಕ್ಯಕ್ಕೆ ಆಧಾರವಿಲ್ಲ, ಅದನ್ನು ಹಿಂತೆಗೆದುಕೊಳ್ಳಲಾಗಿದೆ, ಹೊಸದು ಹೀಗೆ. ಟ್ರಸ್ಟಿನವರು ಮರ್ಯಾದೆ ಹೋಗುತ್ತದೆ ಎಂದು ಗೊಣಗಿದರು. ತಾತ್ಯಾ, “ಹೋಗಿದ್ದು ಹೋಗೇದ, ಈಗ ಬರೂದು ನೋಡ್ರಿ,” ಎಂದು ಗೋಂದಿನ ಡಬ್ಬಿ ತರಿಸಿದರು. ಉಗ್ರಾಣದ ಪ್ರತಿಗಳಿಗೆ ನಾನೂ ಅವರೂ ಕುಳಿತು ಅಂಟಿಸಿದೆವು. ಗ್ರಂಥಾಲಯಗಳಿಗೆ, ಕಚೇರಿಗಳಿಗೆ ಅಂಚೆಯಲ್ಲಿ ಕಳಿಸಿದೆವು. ಒಂದು ಚೀಟಿಯನ್ನು ಮಾಳವ್ವನ ಅರ್ಜಿಗೆ ಸೇರಿಸಿ ಕಳಿಸಿಕೊಟ್ಟೆವು.

ಅರ್ಜಿ ಬೇರೆ ಬೇರೆ ಕಾರಣಕ್ಕೆ ಇನ್ನೆರಡು ಸಲ ವಾಪಸು ಬಂತು. ಜನ ಇಲ್ಲ ಎಂಬ ಕಾರಣಕ್ಕೆ ಮತ್ತೆ ಬರಲಿಲ್ಲ. ಮೂರನೆಯ ಸಲ ಮಂಜೂರಾಯಿತು. ಮೊದಲ ವರ್ಷ ಪಾಠ ನಡೆದದ್ದು ಮಾಳವ್ವನ ಪಡಸಾಲೆಯಲ್ಲಿ.

ಅಷ್ಟರಲ್ಲಿ ನಮ್ಮಲ್ಲಿ ಕಾರ್ಡುಗಳು ಹೋಗಿ ಕಂಪ್ಯೂಟರ್ ಬಂತು. ಕೆಲಸ ಹಗುರವಾಯಿತು, ನನಗದು ಖುಷಿಯೇ. ಮುನ್ನುಡಿಯನ್ನೂ ಈಗ ಕ್ಷಣದಲ್ಲಿ ತೆರೆಯಬಹುದು. ಆದರೆ ಆಗ ಮೂರು ಪುಸ್ತಕ ಒಂದನ್ನೊಂದು ನೋಡಿ ಬರೆಯಲು ವರ್ಷಗಳು ಹಿಡಿದಿದ್ದವು, ಈಗ ಮೂವತ್ತು ಕಡೆ ಅದೇ ಸಾಲು ಬರಲು ಒಂದು ಮಧ್ಯಾಹ್ನ ಸಾಕು. ಹೊಸಬರು ಎಷ್ಟು ಕಡೆ ಇದೆ ಎಂದು ಎಣಿಸುವ ಮುಂಚೆ, ಮೊದಲು ಹೇಳಿದವರು ಯಾರು, ಅವರು ಯಾವ ತಿಂಗಳಲ್ಲಿ ಹೋಗಿದ್ದರು ಎಂದು ಕೇಳಲಿ. ಉತ್ತರ ಸಿಗದಿದ್ದರೆ ಜಾಗ ಖಾಲಿ ಬಿಡಲಿ. ಅನುಮಾನ ಬಂದರೆ ಬಸ್ಸು ಬಿಟ್ಟರೂ ಪರವಾಗಿಲ್ಲ, ಹಿಟ್ಟಿನ ಚೀಲದ ಮುದುಕನನ್ನು ಮಾತಾಡಿಸಲಿ.

ನಿವೃತ್ತಳಾದ ಮೇಲೆ ಬನ್ನಿಮಾಳಕ್ಕೆ ಒಂದೇ ಸಲ ಹೋಗಿದ್ದೆ. ಕಳೆದ ಸುಗ್ಗಿಯ ನಂತರ. ಈಗ ವಸ್ತಿಯ ಹತ್ತಿರದ ತನಕ ಜೀಪು ಹೋಗುತ್ತದೆ. ಏಳೆಂಟು ಬಾಗಿಲಿಗೆ ಮುಳ್ಳು, ಉಳಿದವು ತೆರೆದಿದ್ದವು, ಅಂಗಳದಲ್ಲಿ ಅಜ್ಜಿಯರು. ಶಾಲೆಯ ಕೋಣೆಯಿಂದ ಮಗ್ಗಿ ಕೇಳುತ್ತಿತ್ತು, ಮರಾಠಿಯಲ್ಲಿ. ಮಾಳವ್ವನ ಕಣ್ಣು ಮಂದವಾಗಿತ್ತು, ನಾಲಿಗೆ ಮಂದವಾಗಿರಲಿಲ್ಲ.

“ಬಂದ್ರೇನ್ರಿ ಬಾಯಾರ? ಕುಂದ್ರಿ. ನೀವು ಅದೀರಿ ಅಂತ ನಾ ನಂಬತೀನಿ, ಪುರಾವಾ ಬ್ಯಾಡ.”

ಒಳಗಿನಿಂದ ಒಂದು ಪುಸ್ತಕ ತಂದು ನನ್ನ ಕೈಗಿಟ್ಟಳು. ಶಾಲೆಯ ವಾರ್ಷಿಕ ಸಂಚಿಕೆ, ಅಕ್ಕಲಕೋಟದಲ್ಲಿ ಅಚ್ಚು ಹಾಕಿಸಿದ್ದು. ಬಹುಪಾಲು ಮರಾಠಿ. ನಡುವೆ ಹಿರಿಯರ ಮಾತು ಎಂದು ನಾಲ್ಕು ಪುಟ ಕನ್ನಡ. ಅವರು ಮಾತಾಡಿದ ಹಾಗೇ ಬರೆದುಕೊಂಡಿದ್ದಾರೆ ಮಾಸ್ತರರು.

“ಮಮ್ಮಗಳಿಗಿ ಮರಾಠಿ ನೀಟ ಬರ್ತದ, ಕನ್ನಡ ಅಕ್ಷರ ತಡೀತಾವ. ನನ್ನ ಮಾತು ನನಗ ಯಾರೂ ಪೂರಾ ಓದಿ ಹೇಳಿಲ್ಲ. ನೀವು ಓದ್ರಿ.”

ಓದಿದೆ. ‘ಬಿಟ್ಟು ಹೋಗಾವ್ರು ಮುಳ್ಳು ಯಾಕ ಹಚ್ಚತಾರ? ಬಾಗಲಾ ಇಲ್ಲದ ಮನಿ ಖಾಲಿ. ಮುಳ್ಳಿದ್ದ ಮನಿ ತುಂಬೇದ.’ ಉಣ್ಣೆಯ ಎಳೆ ಇತ್ತು. ಚೌಕಟ್ಟು ಇತ್ತು. ಮಿರಗದ ಮಳೆ, ಬಿರೋಬಾನ ಆಣೆ, ಎಲ್ಲ ಇತ್ತು. ಮೇಲೆ ಅವಳ ಹೆಸರು, ಊರು.

“ಬರೋಬರ್ ಬರದಾರೇನ್ರಿ?”

“ನೀವು ಅಂದಂಗ ಅದರಿ.”

ಅಂಗಳಕ್ಕೆ ಬಂದು ತಾತ್ಯಾರಿಗೆ ಫೋನು ಮಾಡಿದೆ. ಅವರೀಗ ಸೋಲಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ದೂರ. ಎರಡು ಸಲ ಕೂಗಿ ಹೇಳಬೇಕಾಯಿತು: ಬನ್ನಿಮಾಳದ ಮುಳ್ಳು ಛಾಪಾ ಆಗೇದ, ಹೇಳಿದಾಕಿ ಮಾಳವ್ವ.

 ಆ ಕಡೆಯಿಂದ ತಾತ್ಯಾ ಕೇಳಿದರು:

“ಪಾನ ಎಷ್ಟು?”

“ಹದಿನೇಳ್ರಿ.”

“ಬರಕೊಳ್ರಿ,” ಅಂದರು.

ಚೀಲದಲ್ಲಿ ದಿನಚರಿ ಇತ್ತು. ಅದರ ಕೊನೆಯ ಖಾಲಿ ಪುಟ ಹರಿದು, ಹಳೆಯ ಕಾರ್ಡಿನ ಅಳತೆಗೆ ಮಡಿಸಿ, ಮೂಲೆಯಲ್ಲಿ ಬರೆದೆ. ಆಧಾರ: ಮಾಳವ್ವ, ಬನ್ನಿಮಾಳ ಶಾಲೆಯ ವಾರ್ಷಿಕ ಸಂಚಿಕೆ. ಪುಟ ಹದಿನೇಳು. ಅದನ್ನು ಈ ಬರಹದ ಜೊತೆ ಪಿನ್ನು ಹಾಕಿ ಹೊಸಬರಿಗೆ ಕೊಡುತ್ತಿದ್ದೇನೆ. ತಾತ್ಯಾ ಹೊಡೆದುಹಾಕಿದ ಹತ್ತು ಸಾಲಿನ ಜಾಗ ಬನ್ನಿಮಾಳದ ನಮೂದಿನಲ್ಲಿ ಇನ್ನೂ ಖಾಲಿ ಇದೆ.